ಟಿ.ವಿ. ಚಿತ್ರ ವಾಲಿದರೆ ಏನು ಮಾಡೋಣ?



ನಮ್ಮ ಸಂಘದ ಕೋಣೆಯಲ್ಲಿ ಒಂದು ಹಳೇ ಟಿ.ವಿ. ಇದೆ. ಬೆನ್ನು ಉಬ್ಬಿದ, ಪೆಟ್ಟಿಗೆಯಂಥ ಟಿ.ವಿ. ಈಗ ಎಲ್ಲ ಕಡೆ ತೆಳ್ಳನೆಯ ಟಿ.ವಿ. ಬಂದಿದೆ. ಗೋಡೆಗೆ ತೂಗು ಹಾಕುತ್ತಾರೆ. ಆದರೂ ನಮ್ಮ ಪೆಟ್ಟಿಗೆ ಇನ್ನೂ ನಡೀತಾ ಇದೆ.

ಒಂದು ಸಲ ಗಣೇಶನ ಹಬ್ಬದ ವಾರ. ಟಿ.ವಿ. ಹಾಕಿದೆವು. ಚಿತ್ರದ ಬಲಗಡೆ ಮೂಲೆ ಹಸಿರಾಗಿತ್ತು. ವಾರ್ತೆ ಓದುವ ಹೆಣ್ಣುಮಗಳ ಅರ್ಧ ಮುಖ ಹಸಿರು! ಮೊದಲು ನಕ್ಕೆವು. ಆಮೇಲೆ ಹೆದರಿದೆವು. ರಿಪೇರಿ ಮಾಡುವವರನ್ನು ಕರೆಸಿದೆವು.

“ಟ್ಯೂಬೇ ಹೋಗಿದೆ ಕಣಮ್ಮಾ. ಇದಕ್ಕೆ ದುಡ್ಡು ಹಾಕಬೇಡಿ. ಗುಜರಿ ಬೆಲೆಗೆ ಕೊಟ್ಬಿಡಿ, ನಾನೇ ತಗೊಂಡು ಹೋಗ್ತೀನಿ” ಅಂದರು.

ಟ್ಯೂಬ್ ನಿಜವಾಗಿ ಹೋಗಿತ್ತೇ? ಇಲ್ಲ. ಆದರೆ ಆಗ ನಮಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಹೇಗೆ ಎಂದು ಮುಂದೆ ಹೇಳುತ್ತೇವೆ.

ಈ ಪೆಟ್ಟಿಗೆ ಹಳ್ಳಿಗೆ ಬಂದದ್ದು

1975ರ ಆಗಸ್ಟ್ ತಿಂಗಳು. ಆಕಾಶದಲ್ಲಿದ್ದ ಉಪಗ್ರಹದಿಂದ ನೇರವಾಗಿ ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಂತು. ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಇಟ್ಟರು. ನಮ್ಮ ರಾಜ್ಯದ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಇದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಎಲ್ಲ ಬರುತ್ತಿತ್ತು. ಇಡೀ ಊರು ಒಂದೇ ಟಿ.ವಿ. ಮುಂದೆ ಕೂರುತ್ತಿತ್ತು. ಈ ಪ್ರಯೋಗ ಒಂದು ವರ್ಷ ನಡೆಯಿತು. 1982ರಲ್ಲಿ ನಮ್ಮ ದೇಶದಲ್ಲಿ ಬಣ್ಣದ ಟಿ.ವಿ. ಶುರುವಾಯಿತು.

ಕಪ್ಪು ಬಿಳುಪಿನ ಟಿ.ವಿ. ಇರಲಿ, ಬಣ್ಣದ ಟಿ.ವಿ. ಇರಲಿ, ಎರಡರ ಒಳಗೂ ಇದ್ದದ್ದು ಗಾಜಿನ ಟ್ಯೂಬು. ಪೇಟೆಯ ಅಂಗಡಿಗಳಲ್ಲಿ ಮಕ್ಕಳು ಕಾಸು ಹಾಕಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಯಲ್ಲೂ ಇಂಥದೇ ಟ್ಯೂಬು ಇತ್ತು.

ಚಿತ್ರ ಮೂಡುವುದು ಹೇಗೆ?

ಟ್ಯೂಬು ಎಣ್ಣೆ ಸುರಿಯುವ ಆಲಿಕೆಯ ಹಾಗೆ ಇರುತ್ತದೆ. ಮುಂದೆ ಅಗಲ, ಹಿಂದೆ ಸಣ್ಣ ಕತ್ತು. ಒಳಗೆ ಗಾಳಿ ಇರುವುದಿಲ್ಲ. ಕತ್ತಿನ ಕಡೆಯಿಂದ ವಿದ್ಯುತ್ ಕಣಗಳ ಧಾರೆ ಹೊರಡುತ್ತದೆ. ಮುಂದಿನ ಗಾಜಿನ ಒಳಮೈಗೆ ಒಂದು ಪುಡಿ ಬಳಿದಿರುತ್ತಾರೆ. ಧಾರೆ ತಗುಲಿದ ಕಡೆ ಪುಡಿ ಹೊಳೆಯುತ್ತದೆ.

ನಾವು ಅಕ್ಷರ ಕಲಿಯುವಾಗ ಹೇಗೆ ಬರೆದೆವು? ಎಡಗಡೆಯಿಂದ ಬಲಗಡೆಗೆ ಒಂದು ಸಾಲು. ಆಮೇಲೆ ಅದರ ಕೆಳಗೆ ಇನ್ನೊಂದು ಸಾಲು. ಪುಟ ತುಂಬಿದರೆ ಹೊಸ ಪುಟ. ಈ ಧಾರೆಯೂ ಹಾಗೇ ಬರೆಯುತ್ತದೆ. ನಮ್ಮ ದೇಶದ ಈ ಟಿ.ವಿ.ಗಳಲ್ಲಿ ಒಂದು ಪುಟಕ್ಕೆ 625 ಸಾಲು. ಒಂದು ಸೆಕೆಂಡಿಗೆ 25 ಪುಟ! ಅಷ್ಟು ಬೇಗ ಬರೆಯುವುದರಿಂದ ನಮ್ಮ ಕಣ್ಣಿಗೆ ಸಾಲು ಕಾಣುವುದಿಲ್ಲ. ಓಡಾಡುವ ಚಿತ್ರ ಕಾಣುತ್ತದೆ.

ಬರೆಯುವ ಕೈ ಯಾವುದು? ಟ್ಯೂಬಿನ ಕತ್ತಿಗೆ ತಾಮ್ರದ ತಂತಿಯ ಸುರುಳಿ ಹಾಕಿರುತ್ತಾರೆ. ಅದಕ್ಕೆ ಕರೆಂಟು ಕೊಟ್ಟಾಗ ಅದು ಅಯಸ್ಕಾಂತವಾಗುತ್ತದೆ. ಧಾರೆಯನ್ನು ಆ ಕಡೆ ಈ ಕಡೆ, ಮೇಲೆ ಕೆಳಗೆ ಎಳೆಯುತ್ತದೆ. “ಸಾಲು ಮುಗೀತು”, “ಪುಟ ಮುಗೀತು” ಎಂಬ ಸೂಚನೆಗಳು ಚಿತ್ರದ ಜೊತೆಗೇ ಬರುತ್ತವೆ.

ಇಷ್ಟು ತಿಳಿದರೆ ಸಾಕು. ಚಿತ್ರ ಹೇಗೆ ಕೆಟ್ಟಿದೆ ಎಂದು ನೋಡಿಯೇ ತೊಂದರೆ ಎಲ್ಲಿ ಎಂದು ಹೇಳಬಹುದು.

ಚಿತ್ರ ನೋಡಿ, ತೊಂದರೆ ತಿಳಿಯಿರಿ

1. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಾ ಇದೆ. “ಪುಟ ಮುಗೀತು” ಎಂಬ ಸೂಚನೆ ಸರಿಯಾಗಿ ಸಿಗುತ್ತಿಲ್ಲ. ಮೊದಲು ತಂತಿ, ಪಿನ್ನು ಸಡಿಲವಾಗಿದೆಯೇ ನೋಡಿ. ತುಂಬಾ ಹಳೇ ಟಿ.ವಿ.ಗಳಲ್ಲಿ ಹೊರಗಡೆಯೇ ‘ವಿ ಹೋಲ್ಡ್’ ಎಂಬ ತಿರುಪು ಇರುತ್ತದೆ. ನಿಧಾನವಾಗಿ ತಿರುಗಿಸಿದರೆ ಚಿತ್ರ ನಿಲ್ಲುತ್ತದೆ.

2. ಚಿತ್ರ ಓರೆ ಗೆರೆಗಳಾಗಿ ಹರಿದು ಹೋಗಿದೆ. “ಸಾಲು ಮುಗೀತು” ಎಂಬ ಸೂಚನೆ ತಪ್ಪಿದೆ. ಇದಕ್ಕೆ ‘ಎಚ್ ಹೋಲ್ಡ್’ ತಿರುಪು. ಹೊರಗೆ ತಿರುಪು ಇಲ್ಲದ ಟಿ.ವಿ. ಆದರೆ ರಿಪೇರಿಯವರೇ ನೋಡಬೇಕು.

3. ಚಿತ್ರ ನಾಲ್ಕೂ ಕಡೆ ಕುಗ್ಗಿದೆ. ಆಗ ಮನೆಯ ದೀಪ ನೋಡಿ. ದೀಪ ಮಂಕಾಗಿದೆಯೇ? ಫ್ಯಾನು ನಿಧಾನವಾಗಿದೆಯೇ? ಹಾಗಿದ್ದರೆ ಕರೆಂಟಿನ ಒತ್ತಡ ಕಡಿಮೆ ಇರಬಹುದು. ಆಗ ತಪ್ಪು ಟಿ.ವಿ.ಯದಲ್ಲ. ಕರೆಂಟು ಸರಿಯಿದ್ದೂ ಚಿತ್ರ ಕುಗ್ಗಿದರೆ ರಿಪೇರಿ ಬೇಕು.

4. ಚಿತ್ರ ಒಂದು ಕಡೆ ವಾಲಿದೆ. ಓರೆಯಾಗಿ ತೂಗು ಹಾಕಿದ ಕ್ಯಾಲೆಂಡರಿನ ಹಾಗೆ ಕಾಣುತ್ತದೆ. ಕತ್ತಿನ ಮೇಲಿನ ಸುರುಳಿ ಸ್ವಲ್ಪ ತಿರುಗಿರಬಹುದು. ಇದು ಒಳಗಿನ ಕೆಲಸ. ನಾವು ಕೈ ಹಾಕಬಾರದು.

5. ನಡುವೆ ಒಂದೇ ಒಂದು ಬಿಳಿ ಗೆರೆ ಅಡ್ಡಲಾಗಿ ಹೊಳೆಯುತ್ತದೆ. ಧಾರೆ ಕೆಳಗೆ ಇಳಿಯುತ್ತಿಲ್ಲ. ಎಲ್ಲ ಸಾಲನ್ನೂ ಒಂದೇ ಸಾಲಿನ ಮೇಲೆ ಬರೆಯುತ್ತಿದೆ. ಕೂಡಲೇ ಟಿ.ವಿ. ಆರಿಸಿ. ಹಾಗೇ ಬಿಟ್ಟರೆ ಆ ಜಾಗದ ಪುಡಿ ಸುಟ್ಟು ಕಲೆ ಉಳಿಯುತ್ತದೆ.

ಹಸಿರು ಮುಖದ ಕತೆ

ಬಣ್ಣದ ಟ್ಯೂಬಿನ ಪುಡಿಯಲ್ಲಿ ಕೆಂಪು, ಹಸಿರು, ನೀಲಿ ಮೂರು ಬಗೆ. ಚುಕ್ಕಿ ರಂಗೋಲಿಯ ಹಾಗೆ ಚಿಕ್ಕ ಚಿಕ್ಕದಾಗಿ ಹಾಕಿರುತ್ತಾರೆ. ಧಾರೆಗಳೂ ಮೂರು. ಪುಡಿಯ ಹಿಂದೆ ಜರಡಿಯಂಥ ಲೋಹದ ತಗಡು ಇರುತ್ತದೆ. ಒಂದೊಂದು ಧಾರೆಯೂ ಅದರ ತೂತಿನಿಂದ ಹಾದು ತನ್ನ ಬಣ್ಣಕ್ಕೇ ತಗುಲಬೇಕು. ಪಕ್ಕದಲ್ಲಿ ಅಯಸ್ಕಾಂತ ಇದ್ದರೆ ಧಾರೆಯ ದಾರಿ ತಪ್ಪುತ್ತದೆ. ಕೆಂಪಿಗೆ ಹೋಗಬೇಕಾದದ್ದು ಹಸಿರಿಗೆ ಹೋಗುತ್ತದೆ.

ನಮ್ಮ ಕೋಣೆಯಲ್ಲಿ ಆದದ್ದು ಇದೇ. ಹಬ್ಬಕ್ಕೆ ತಂದ ದೊಡ್ಡ ಸ್ಪೀಕರ್ ಪೆಟ್ಟಿಗೆಯನ್ನು ಟಿ.ವಿ.ಯ ಬಲಗಡೆ ಇಟ್ಟಿದ್ದೆವು. ಸ್ಪೀಕರಿನ ಒಳಗೆ ಅಯಸ್ಕಾಂತ ಇರುತ್ತದೆ! ನಮ್ಮ ಸಂಘದ ಒಬ್ಬ ತಂಗಿ ಅದನ್ನು ಗಮನಿಸಿದಳು. “ಹಸಿರು ಇರೋದೂ ಬಲಗಡೆ, ಸ್ಪೀಕರ್ ಇರೋದೂ ಬಲಗಡೆ, ನೋಡ್ರಕ್ಕಾ” ಅಂದಳು.

ಸ್ಪೀಕರನ್ನು ದೂರ ಇಟ್ಟೆವು. ಹಸಿರು ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಒಳಗಿನ ತಗಡಿಗೂ ಅಯಸ್ಕಾಂತದ ಗುಣ ಹಿಡಿದಿತ್ತು. ಅದನ್ನು ತೆಗೆಯಲು ಟಿ.ವಿ.ಯಲ್ಲೇ ಒಂದು ಸುರುಳಿ ಇರುತ್ತದೆ. ಸ್ವಿಚ್ ಹಾಕಿದ ಕೂಡಲೇ ‘ಗುಂಯ್’ ಎಂದು ಸದ್ದು ಬರುತ್ತದಲ್ಲ, ಅದು ಇದರದೇ. ಟಿ.ವಿ. ತಣ್ಣಗಾಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆದ್ದರಿಂದ ರಿಮೋಟಿನಿಂದಲ್ಲ, ಗೋಡೆಯ ಸ್ವಿಚ್ಚಿನಿಂದಲೇ ಆರಿಸಿದೆವು. ಅರ್ಧ ಗಂಟೆ ಬಿಟ್ಟು ಮತ್ತೆ ಹಾಕಿದೆವು. ಹೀಗೆ ಮೂರು ಸಲ ಮಾಡಿದ ಮೇಲೆ ಹಸಿರು ಪೂರ್ತಿ ಹೋಯಿತು.

ಒಂದು ಪೈಸೆ ಖರ್ಚಿಲ್ಲ. ಟಿ.ವಿ. ಗುಜರಿಗೆ ಹೋಗುವುದು ತಪ್ಪಿತು.

ಹಿಂದಿನ ಮುಚ್ಚಳ ತೆಗೆಯಬೇಡಿ

ಇಷ್ಟು ಗೊತ್ತಾಯಿತೆಂದು ಟಿ.ವಿ. ಬಿಚ್ಚಲು ಹೋಗಬೇಡಿ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟು. ಬಣ್ಣದ ಟ್ಯೂಬಿನೊಳಗೆ 20,000 ವೋಲ್ಟಿಗೂ ಹೆಚ್ಚು ಇರುತ್ತದೆ. ಪ್ಲಗ್ಗು ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಮುಟ್ಟಿದರೆ ಜೀವಕ್ಕೆ ಅಪಾಯ. ಮಕ್ಕಳನ್ನೂ ಬಿಡಬೇಡಿ.

ಟಿ.ವಿ. ಮೇಲೆ ಹೂದಾನಿ, ನೀರಿನ ಲೋಟ ಇಡಬೇಡಿ. ನೀರು ತೂತುಗಳಿಂದ ಒಳಗೆ ಇಳಿಯುತ್ತದೆ. ಚಿತ್ರ ಕೆಟ್ಟಾಗ ಟಿ.ವಿ. ತಲೆಗೆ ಬಡಿಯುವುದೂ ಬೇಡ.

ಟಿ.ವಿ. ಪೂರ್ತಿ ಕೆಟ್ಟರೆ ತಿಪ್ಪೆಗೆ ಎಸೆಯಬೇಡಿ, ಒಡೆಯಲೂ ಬೇಡಿ. ಟ್ಯೂಬಿನಲ್ಲಿ ಗಾಳಿ ಇಲ್ಲದ್ದರಿಂದ ಒಡೆದರೆ ಗಾಜು ಸಿಡಿಯುತ್ತದೆ. ಆ ಗಾಜಿನಲ್ಲಿ ಸೀಸ ಇರುತ್ತದೆ. ಸೀಸ ವಿಷ. ಮಕ್ಕಳಿಗಂತೂ ತುಂಬಾ ಕೆಟ್ಟದ್ದು. ಇಂಥ ಕಸಕ್ಕೆ ಇ-ತ್ಯಾಜ್ಯ ಎನ್ನುತ್ತಾರೆ. ಅದಕ್ಕಾಗಿ ಸರಕಾರದ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಚೀಟಿ ಬರೆಯಿರಿ

ಈಗ ನಾವು ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ. ಟಿ.ವಿ. ಕೆಟ್ಟರೆ “ಏನೋ ಆಗಿದೆ, ನೋಡಿಪ್ಪಾ” ಎನ್ನುವುದಿಲ್ಲ. ಒಂದು ಚೀಟಿಯಲ್ಲಿ ಬರೆದು ಕೊಡುತ್ತೇವೆ. “ಚಿತ್ರ ಎಡಕ್ಕೆ ವಾಲಿದೆ. ಬಣ್ಣ ಸರಿ ಇದೆ. ಕರೆಂಟು ಸರಿ ಇದೆ. ಸೋಮವಾರದಿಂದ ಹೀಗಾಗಿದೆ.” ಇಷ್ಟೇ. ಯಾವ ಭಾಗ ಬದಲಾಯಿಸಿದಿರಿ, ಎಷ್ಟು ದುಡ್ಡು ಎಂದು ರಸೀದಿಯಲ್ಲಿ ಬರೆಸಿಕೊಳ್ಳುತ್ತೇವೆ. ಓದಿ ನೋಡಿ ದುಡ್ಡು ಕೊಡುತ್ತೇವೆ.

ನಮ್ಮ ಚೀಟಿ ನೋಡಿದ ರಿಪೇರಿಯವರು ಈಗ ಸುಮ್ಮನೆ “ಟ್ಯೂಬ್ ಹೋಗಿದೆ” ಅನ್ನುವುದಿಲ್ಲ.

ಓದಿ, ಉತ್ತರ ಹೇಳಿ

1. ಸ್ಪೀಕರ್ ಪಕ್ಕದಲ್ಲಿದ್ದರೆ ಬಣ್ಣ ಏಕೆ ಕೆಡುತ್ತದೆ?
2. ಒಂದೇ ಬಿಳಿ ಗೆರೆ ಕಂಡರೆ ಮೊದಲು ಏನು ಮಾಡಬೇಕು?
3. ಪ್ಲಗ್ಗು ಕಿತ್ತ ಮೇಲೂ ಟಿ.ವಿ. ಏಕೆ ಬಿಚ್ಚಬಾರದು?
4. ನಿಮ್ಮ ಮನೆಯಲ್ಲಿ ಕೆಟ್ಟಿರುವ ಒಂದು ವಸ್ತುವಿನ ಬಗ್ಗೆ ನಾಲ್ಕು ಸಾಲಿನ ಚೀಟಿ ಬರೆಯಿರಿ.