ಕುಂದಾಣಿಯಲ್ಲೊಬ್ಬ ಹೊಯ್ಸಳ

ಹೊಯ್ಸಳರೆಂದರೆ ಬೇಲೂರು, ಹಳೇಬೀಡು. ಹೊಸೂರಿಗೂ ಅವರಿಗೂ ಏನು ನಂಟು? ಗಡಿಯಾಚೆಯವರಿರಲಿ, ಈ ಸೀಮೆಯ ಕನ್ನಡಿಗರೇ ಹೀಗೆ ಕೇಳುವುದುಂಟು. ಇಂದಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಕುಂದಾಣಿಯಲ್ಲಿ ಹೊಯ್ಸಳ ಅರಸನೊಬ್ಬ ಸುಮಾರು 15 ವರ್ಷ ನೆಲೆನಿಂತು ಆಳಿದ. ಹೆಸರು ವೀರ ರಾಮನಾಥ.

ಹೆಸರು ಕೇಳಿದವರ ಬಾಯಲ್ಲಿಯೂ ಕತೆ ಅಡ್ಡದಾರಿ ಹಿಡಿದಿರುತ್ತದೆ. ಮಲತಾಯಿ ಮಕ್ಕಳು ಕಿತ್ತಾಡಿದರು, ರಾಜ್ಯ ಒಡೆಯಿತು ಎನ್ನುತ್ತಾರೆ. ನಡೆದದ್ದು ಹಿಂದುಮುಂದು. ಪಾಲು ಮಾಡಿದವನು ಅಪ್ಪ ಸೋಮೇಶ್ವರ. ಅವನಿಗೆ ಬಿಜ್ಜಳರಾಣಿಯಲ್ಲಿ ಹುಟ್ಟಿದವನು ನರಸಿಂಹ, ಚಾಳುಕ್ಯ ಮನೆತನದ ದೇವಲ ಮಹಾದೇವಿಯಲ್ಲಿ ಹುಟ್ಟಿದವನು ರಾಮನಾಥ. 1254ರ ಹೊತ್ತಿಗೆ ಹಳೇಬೀಡಿನ ಕಡೆಯ ನಾಡು ನರಸಿಂಹನಿಗೆ, ಕೋಲಾರದ ಕಡೆಯದೂ ತಮಿಳು ಸೀಮೆಯದೂ ರಾಮನಾಥನಿಗೆ ಎಂದಾಯಿತು. ಕಾದಾಟ ಆಮೇಲಿನದು. ನಮ್ಮೂರುಗಳಲ್ಲಿ ಜಮೀನಿನ ಭಾಗಕ್ಕೆ ಪಂಚಾಯಿತಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಪಾಲುಪಟ್ಟಿ ಅಪ್ಪನದು, ವ್ಯಾಜ್ಯ ಮಕ್ಕಳದು. ಮರುವರ್ಷ, 1255ರಲ್ಲಿ, ದೂರದ ಜರ್ಮನಿಯ ಬವೇರಿಯಾ ಕೂಡ ಲುಡ್ವಿಗ್, ಹೈನ್ರಿಚ್ ಎಂಬ ಅಣ್ಣತಮ್ಮಂದಿರ ನಡುವೆ ಎರಡಾಯಿತು. ರಾಜ್ಯವೆಂದರೆ ಮನೆತನದ ಆಸ್ತಿ ಎಂದೇ ಆ ಕಾಲ ಎಣಿಸುತ್ತಿತ್ತು.

ರಾಮನಾಥನಿಗೆ ಮೊದಲು ಸಿಕ್ಕಿದ ಬೀಡು ಶ್ರೀರಂಗದ ಹತ್ತಿರದ ಕಣ್ಣನೂರು. ಸೋಮೇಶ್ವರ ತನ್ನ ಕಾಲದ ಬಹುಪಾಲು ಕಳೆದದ್ದೂ ಅಲ್ಲೇ. ಚೋಳ, ಪಾಂಡ್ಯ ಎರಡೂ ಮನೆಗಳಿಗೆ ಅವನು ಮಾವನ ವರಸೆ. ಶಾಸನಗಳು ‘ಮಾಮಡಿ’ ಎನ್ನುತ್ತವೆ. ಆ ನಂಟಸ್ತಿಕೆ ಕೊನೆಗೆ ಕಾಯಲಿಲ್ಲ. ಜಟಾವರ್ಮ ಸುಂದರ ಪಾಂಡ್ಯನೊಡನೆ ನಡೆದ ಯುದ್ಧದಲ್ಲಿ ಸೋಮೇಶ್ವರ ಸತ್ತ. 1279ರ ಸುಮಾರಿಗೆ ಪಾಂಡ್ಯರ ಕೈಮೇಲಾಗಿ, ರಾಮನಾಥ ಕಣ್ಣನೂರು ಬಿಟ್ಟು ಗಟ್ಟದ ಮೇಲಕ್ಕೆ, ಕುಂದಾಣಿಗೆ ಬಂದ. ಹಾಗೆಂದು ಅವನನ್ನು ಓಡಿಬಂದವನು ಎಂದು ತಳ್ಳಿಹಾಕುವುದು ಸರಿಯಲ್ಲ. ಬಂದದ್ದು ತನ್ನದೇ ಪಾಲಿನ ನೆಲಕ್ಕೆ. ದೇವನಹಳ್ಳಿ ಬಳಿಯ ಕುಂದಾಣವೇ ಆ ಊರು ಎನ್ನುವವರಿದ್ದಾರೆ. ಹೆಸರಿನ ಹೋಲಿಕೆ ತಂದ ಗೊಂದಲ ಅದು.

ಇನ್ನೊಂದು ನಂಬಿಕೆ ಎರಡೂ ಕಡೆಯವರದು: ಕನ್ನಡ ಅರಸನ ಶಾಸನ ಕನ್ನಡದಲ್ಲೇ ಇರಬೇಕು, ತಮಿಳು ಶಾಸನ ಇದ್ದರೆ ಆ ನೆಲ ತಮಿಳರದೇ ಇರಬೇಕು. ಕೋಲಾರ, ಬೆಂಗಳೂರು ಕಡೆಗಳಲ್ಲಿ ಸಿಕ್ಕ ರಾಮನಾಥನ ಶಾಸನಗಳಲ್ಲಿ ಎಷ್ಟೋ ತಮಿಳಿನವು. 1116ರ ಹೊತ್ತಿಗೆ ವಿಷ್ಣುವರ್ಧನ ತಲಕಾಡನ್ನು ಗೆಲ್ಲುವ ಮುಂಚೆ ನೂರು ವರ್ಷಕ್ಕೂ ಮೇಲೆ ಇಲ್ಲಿ ಚೋಳರ ಆಳ್ವಿಕೆ ಇತ್ತು. ದೇವಸ್ಥಾನದ ಲೆಕ್ಕಪತ್ರ ತಮಿಳಿನಲ್ಲಿ ಬರೆಯುವ ರೂಢಿ ಅರಸ ಬದಲಾದರೂ ಉಳಿಯಿತು. ಇಂದಿನ ಗಡಿಯ ಜಗಳಕ್ಕೆ ಆ ಕಲ್ಲುಗಳನ್ನು ಸಾಕ್ಷಿ ಕರೆಯುವವರು, ಎರಡೂ ಪಕ್ಷದವರು, ಸ್ವಲ್ಪ ತಾಳಬೇಕು.

1295ರಲ್ಲಿ ರಾಮನಾಥ ತೀರಿಕೊಂಡ. ಮಗ ವಿಶ್ವನಾಥ ಹೆಚ್ಚು ಕಾಲ ಆಳಲಿಲ್ಲ. ನರಸಿಂಹನ ಮಗ ಮೂರನೆಯ ಬಲ್ಲಾಳ ಎರಡು ಪಾಲನ್ನೂ ಒಂದು ಮಾಡಿದ. 1301ರಲ್ಲಿ ಈ ಸೀಮೆಯ ಮಠ, ದೇವಸ್ಥಾನಗಳ ಮೇಲಿನ ತೆರಿಗೆ ಬಿಟ್ಟು ಅವನು ಹೊರಡಿಸಿದ ಆಜ್ಞೆಯಲ್ಲಿ ಮುರಸುನಾಡು, ಕುವಳಾಲನಾಡು, ಕೈವಾರನಾಡು ಎಲ್ಲ ಸಾಲಾಗಿ ಬರುತ್ತವೆ. ದೊಡ್ಡಪ್ಪನೋ ಚಿಕ್ಕಪ್ಪನೋ ಆದವನ ರಾಜಧಾನಿಯ ಹೆಸರನ್ನು ಅವನು ಅಳಿಸಲಿಲ್ಲ; ಆ ಸಾಲಿನಲ್ಲಿ ಕುಂದಾಣಿ ರಾಜ್ಯವೂ ಇದೆ.