ಕೋಶಗಳು ಕೈಬಿಟ್ಟಾಗ

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನು ತೋರುವ ಸಿಮೆಂಟಿನ ಶಿಲ್ಪಗಳನ್ನು ನೀವು ನೋಡಿರಬಹುದು. ಮರಳಿನ ಕಣಗಳನ್ನು ಸಿಮೆಂಟು ಹಿಡಿದಿಡದಿದ್ದರೆ ಅಲ್ಲಿ ಉಳಿಯುವುದು ಮರಳಿನ ಗುಡ್ಡೆ ಮಾತ್ರ. ನಮ್ಮ ಜೀವಕೋಶಗಳನ್ನೂ ಹೀಗೆ ಒಂದಕ್ಕೊಂದು ಬೆಸೆಯುವ ಅಣುಗಳಿವೆ.

ಅವುಗಳಲ್ಲಿ ಮುಖ್ಯವಾದುದು ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. 1980ರ ದಶಕದಲ್ಲಿ ಇದಕ್ಕೆ ಹೆಸರಿಟ್ಟವರು ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ. ಕೋಶದ ಹೊರಪೊರೆಯಿಂದ ಚಾಚಿಕೊಂಡ ಈ ಅಣು, ಪಕ್ಕದ ಕೋಶದ ಅಂಥದೇ ಅಣುವನ್ನು ಹಿಡಿದುಕೊಳ್ಳುತ್ತದೆ. ಗಾರೆಗೆ ಸುಣ್ಣ ಬೇಕಾದಂತೆ ಈ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕು. ಚರ್ಮ, ಬಾಯಿ, ಜಠರ, ಕರುಳುಗಳ ಪದರದಲ್ಲಿರುವುದು ಇ-ಕ್ಯಾಡ್‌ಹೆರಿನ್.

ಅನೇಕ ಕ್ಯಾನ್ಸರ್‌ಗಳಲ್ಲಿ ಇದು ಕಡಿಮೆಯಾಗುತ್ತದೆ. ಆಗ ಕೋಶಗಳು ಗಂಟಿನಿಂದ ಕಳಚಿಕೊಳ್ಳುತ್ತವೆ; ಇಂಟೆಗ್ರಿನ್ ಎಂಬ ಬೇರೆ ಅಣುಗಳಿಂದ ಸುತ್ತಲಿನ ನಾರುಜಾಲವನ್ನು ಹಿಡಿದು ಮುಂದೆ ಸರಿಯುತ್ತವೆ. ರಕ್ತ ಅಥವಾ ದುಗ್ಧರಸದ ನಾಳ ಸೇರಿ, ದೂರದ ಅಂಗದಲ್ಲಿ ಮತ್ತೆ ಅಂಟಿ ಬೆಳೆಯುತ್ತವೆ. ಕೆಲವು ಕೋಶಗಳು ಕೈಬಿಡದೆ ಗುಂಪಾಗಿಯೂ ಸಾಗುವುದುಂಟು. ಆದ್ದರಿಂದ ಇದೊಂದೇ ಕಾರಣವಲ್ಲ.

ಆದರೂ ಇದರ ಮಹತ್ವ ಸಣ್ಣದಲ್ಲ. ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಬರುತ್ತಿದ್ದ ಜಠರದ ಕ್ಯಾನ್ಸರಿಗೆ ಇ-ಕ್ಯಾಡ್‌ಹೆರಿನ್ ಜೀನಿನ ದೋಷವೇ ಮೂಲವೆಂದು 1998ರಲ್ಲಿ ತಿಳಿಯಿತು.

ನಮ್ಮಲ್ಲಿ ಗುಟ್ಕಾ, ತಂಬಾಕು ಅಗಿಯುವವರನ್ನು ಕಾಡುವುದು ಬಾಯಿಯ ಕ್ಯಾನ್ಸರ್. ಇದರಲ್ಲೂ ಇ-ಕ್ಯಾಡ್‌ಹೆರಿನ್ ಕುಗ್ಗಿದಾಗ ರೋಗ ಕತ್ತಿನ ದುಗ್ಧಗ್ರಂಥಿಗಳಿಗೆ ಹರಡುವ ಸಂಭವ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಬಾಯಿಹುಣ್ಣು 2-3 ವಾರದಲ್ಲಿ ಮಾಯದಿದ್ದರೆ, ಬಿಳಿ ಮಚ್ಚೆ ಕಂಡರೆ, ವೈದ್ಯರ ಬಳಿಗೆ ಕರೆದೊಯ್ಯಿರಿ. ಹುಬ್ಬಳ್ಳಿಯ ನವನಗರದಲ್ಲಿಯೇ ಕ್ಯಾನ್ಸರ್ ಆಸ್ಪತ್ರೆ ಇದೆ. ಕೋಶಗಳು ಒಂದೆಡೆ ಇರುವಾಗಲೇ ಚಿಕಿತ್ಸೆ ದೊರೆತರೆ ಗುಣವಾಗುವ ಭರವಸೆ ಹೆಚ್ಚು.