ಗಟ್ಟಿಯಾಗುವುದು ಕೊನೆಗೆ

ಸಾವಾದ ಮನೆಗೆ ಹೋದವರು, ಬೆಳೆ ಕೈಕೊಟ್ಟವನನ್ನು ಮಾತಾಡಿಸಲು ಹೋದವರು, ಕೆಲಸ ಕಳೆದುಕೊಂಡ ತಮ್ಮನಿಗೆ ಫೋನು ಮಾಡಿದವರು, ಎಲ್ಲರೂ ಮಾತು ಮುಗಿಸುವ ಹೊತ್ತಿಗೆ ಹೇಳುವುದು ಒಂದೇ: ‘ಮನಸ್ಸು ಗಟ್ಟಿ ಮಾಡ್ಕೊ.’ ಹೇಳುವವರಲ್ಲಿ ಕಪಟವಿಲ್ಲ. ಬೇರೇನೂ ತೋಚದೆ, ಸುಮ್ಮನೆ ಎದ್ದು ಬರಲೂ ಮನಸ್ಸಾಗದೆ ಆಡುವ ಮಾತದು. ಕೇಳಿಸಿಕೊಂಡವರೂ ತಲೆಯಾಡಿಸುತ್ತಾರೆ. ಬಂದವರೆಲ್ಲ ಹೋಗಿ ಬಾಗಿಲು ಹಾಕಿದ ಮೇಲೆ ಅವರಿಗೆ ಉಳಿಯುವುದು ಒಂದು ಪ್ರಶ್ನೆ: ಗಟ್ಟಿ ಮಾಡಿಕೊಳ್ಳುವುದು ಹೇಗೆ? ರೊಟ್ಟಿ ತಟ್ಟುವುದನ್ನು ಅವ್ವ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾಳೆ. ಈಜು ಕಲಿಸುವವರು ಸೊಂಟಕ್ಕೆ ಬೆಂಡು ಕಟ್ಟಿ, ತಾವೂ ಬಾವಿಗಿಳಿದು ಕಲಿಸುತ್ತಾರೆ. ಮನಸ್ಸು ಗಟ್ಟಿ ಮಾಡುವ ಕೆಲಸಕ್ಕೆ ಮಾತ್ರ ಅಪ್ಪಣೆಯುಂಟು, ಪಾಠವಿಲ್ಲ.

ಆ ಪಾಠವನ್ನು ಹೆಜ್ಜೆ ಹೆಜ್ಜೆಯಾಗಿ ಬಲ್ಲವರು, ದಿನವೂ ಕಲಿಸುವವರು ಇದ್ದಾರೆ. ಜಿಂಬಾಬ್ವೆಯ ರಾಜಧಾನಿ ಹರಾರೆಯ ಅಜ್ಜಿಯರು ಅವರು. ಈ ಅಧ್ಯಾಯದ ಬಹುಪಾಲು ಅವರದೇ.

ಹರಾರೆಯ ಹಳೆಯ ಬಡ ಬಡಾವಣೆಗಳಲ್ಲಿ ಎಂಬಾರೆ ಒಂದು. ದೊಡ್ಡ ಸಂತೆ, ದೊಡ್ಡ ಬಸ್ ನಿಲ್ದಾಣ, ಒತ್ತೊತ್ತಾದ ಮನೆಗಳು. 2005ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ದೇಶದ ನಗರಗಳಲ್ಲಿದ್ದ ಗುಡಿಸಲು, ಗೂಡಂಗಡಿಗಳನ್ನು ಬುಲ್ಡೋಜರ್ ಹಚ್ಚಿ ಕೆಡವತೊಡಗಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಮುರಂಬತ್ಸ್ವಿನ’. ಶೋನಾ ಭಾಷೆಯಲ್ಲಿ ಅದರ ಅರ್ಥ ಕೊಳೆ ಗುಡಿಸಿ ಹಾಕುವುದು. ಮನೆಯನ್ನೋ ಹೊಟ್ಟೆಪಾಡನ್ನೋ ಎರಡನ್ನೂ ಒಟ್ಟಿಗೋ ಕಳೆದುಕೊಂಡವರು ಸುಮಾರು 7 ಲಕ್ಷ ಮಂದಿ ಎಂದು ವಿಶ್ವಸಂಸ್ಥೆಯ ವರದಿ ಲೆಕ್ಕ ಹಾಕಿತು. ಎಚ್‌ಐವಿ ಮನೆಮನೆಗೆ ಹೊಕ್ಕಿದ್ದ ಕಾಲ ಅದು. ಅಂಥ ಹೊತ್ತಿನಲ್ಲಿ ಇಡೀ ದೇಶಕ್ಕೆ ಇದ್ದ ಮನೋವೈದ್ಯರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅವರಲ್ಲೊಬ್ಬರು ಡಿಕ್ಸನ್ ಚಿಬಾಂಡ. ಅವರು ನೋಡುತ್ತಿದ್ದ ಎಳೆಯ ವಯಸ್ಸಿನ ರೋಗಿಯೊಬ್ಬಳು ಹರಾರೆಯಿಂದ ನೂರಾರು ಕಿಲೋಮೀಟರ್ ದೂರದ ಊರಿನವಳು. ಒಂದು ದಿನ ಅವಳ ತಾಯಿಯ ಫೋನು ಬಂತು: ಮಗಳು ಜೀವ ಕಳೆದುಕೊಂಡಿದ್ದಳು. ಆಸ್ಪತ್ರೆಗೆ ಕರೆತರಲಿಲ್ಲವೇಕೆ ಎಂದು ಕೇಳಿದರೆ, ಬಸ್ಸಿಗೆ ಬೇಕಾದ 15 ಡಾಲರ್ ಇರಲಿಲ್ಲ ಎಂಬ ಉತ್ತರ. ಆಸ್ಪತ್ರೆಯಲ್ಲಿ ಕೂತು ರೋಗಿಗಳಿಗೆ ಕಾಯುವ ವೈದ್ಯಕೀಯದ ಮೇಲೆ ತನಗಿದ್ದ ನಂಬಿಕೆ ಅಲ್ಲಿಗೆ ಕುಸಿಯಿತು ಎಂದು ಚಿಬಾಂಡ ಆಮೇಲೆ ಊರೂರಲ್ಲಿ ಹೇಳಿಕೊಂಡಿದ್ದಾರೆ. ಎಂಬಾರೆಯ ಜನರಿಗೆ ಏನಾದರೂ ಮಾಡಬೇಕೆಂದು ಹೊರಟಾಗ ಅವರಿಗೆ ದಾದಿಯರೂ ಸಿಗಲಿಲ್ಲ, ಚಿಕಿತ್ಸಾಲಯದಲ್ಲಿ ಒಂದು ಕೋಣೆಯೂ ಸಿಗಲಿಲ್ಲ. ಸಿಕ್ಕವರು 14 ಜನ ಅಜ್ಜಿಯರು. ಹೆಚ್ಚು ಓದಿದವರಲ್ಲ. ಮನೆಮನೆ ತಿರುಗಿ ಆರೋಗ್ಯದ ತಿಳಿವಳಿಕೆ ಹೇಳುತ್ತಿದ್ದ, ನಮ್ಮ ಆಶಾ ಕಾರ್ಯಕರ್ತೆಯರಂಥ ಹಿರಿಯ ಹೆಂಗಸರು. ಕೋಣೆಯಿಲ್ಲದ್ದಕ್ಕೆ ಚಿಕಿತ್ಸಾಲಯದ ಅಂಗಳದಲ್ಲೇ ಒಂದು ಮರದ ಬೆಂಚು ಹಾಕಿಸಿದರು. 2006ರಲ್ಲಿ ಕೆಲಸ ಶುರುವಾಯಿತು.

ವೈದ್ಯರು ಅದಕ್ಕೆ ‘ಮಾನಸಿಕ ಆರೋಗ್ಯದ ಬೆಂಚು’ ಎಂದು ಹೆಸರಿಡಲು ಹೊರಟಿದ್ದರು. ಅಜ್ಜಿಯರು ಒಪ್ಪಲಿಲ್ಲ. ಆ ಹೆಸರಿನ ಬೆಂಚಿನ ಮೇಲೆ ಯಾರು ಬಂದು ಕೂರುತ್ತಾರೆ? ಅವರ ಮಾತೇ ಗೆದ್ದು ಅದು ‘ಗೆಳೆತನದ ಬೆಂಚು’ ಆಯಿತು. ಖಿನ್ನತೆ ಎಂಬ ವೈದ್ಯರ ಪದವನ್ನೂ ಅವರು ಪಕ್ಕಕ್ಕಿಟ್ಟರು. ಜನ ತಾವೇ ಆಡುವ ಒಂದು ಪದವಿತ್ತು: ‘ಕುಫುಂಗಿಸಿಸ’, ಅತಿಯಾಗಿ ಯೋಚಿಸುವುದು. ನಮ್ಮಲ್ಲಿ ‘ಚಿಂತಿ ಹಚ್ಚಿಕೊಂಡಾಳ’, ‘ಯೋಚನೆ ಮಾಡಿ ಮಾಡಿ ಸೊರಗಿದ್ದಾಳೆ’ ಎನ್ನುತ್ತೇವಲ್ಲ, ಅದೇ. ಎಷ್ಟೋ ಸಾವಿರ ಮೈಲಿ ಆಚೆಯ ಜನ ಅದೇ ನೋವನ್ನು ಅದೇ ಬಗೆಯಲ್ಲಿ ಗುರುತಿಸಿರುವುದನ್ನು ಓದಿದಾಗ ನನಗೆ ರೋಮಾಂಚನವಾಯಿತು.

ಈಗ ಆ ಬೆಂಚಿನ ಮೇಲೆ ಬಂದು ಕೂತ ಒಬ್ಬಳನ್ನು ಊಹಿಸಿಕೊಳ್ಳಿ. ಗಂಡನಿಗೆ ಕೆಲಸವಿಲ್ಲ. ಬಾಡಿಗೆ ಮೂರು ತಿಂಗಳಿಂದ ಬಾಕಿ. ಮಗನನ್ನು ಶಾಲೆಯಿಂದ ಕಳಿಸಿದ್ದಾರೆ. ತನಗೆ ಎಚ್‌ಐವಿ ಇದೆಯೆಂದು ಗಂಡನಿಗೆ ಹೇಳಿಲ್ಲ. ರಾತ್ರಿ ನಿದ್ದೆಯಿಲ್ಲ. ಅಜ್ಜಿ ಮೊದಲು 14 ಪ್ರಶ್ನೆ ಕೇಳುತ್ತಾಳೆ, ಎಲ್ಲವೂ ಕಳೆದ ಒಂದು ವಾರದ ಬಗ್ಗೆ: ಯೋಚನೆ ಹೆಚ್ಚಾಗಿತ್ತೆ, ನಿದ್ದೆ ಕೆಟ್ಟಿತ್ತೆ, ಅಳು ಬರುತ್ತಿತ್ತೆ, ಬದುಕೇ ಬೇಡವೆನಿಸಿತ್ತೆ. ಆಮೇಲೆ ಮೊದಲ ಹಂತ. ಅದರ ಹೆಸರು ‘ಕುವುರ ಪ್ಫುಂಗ್ವ’, ಅಂದರೆ ಮನಸ್ಸನ್ನು ತೆರೆಯುವುದು. ಬಂದವಳು ಹೇಳುತ್ತಾಳೆ, ಅಜ್ಜಿ ಕೇಳಿಸಿಕೊಳ್ಳುತ್ತಾಳೆ. ಒಂದೇ ಮುದ್ದೆಯಾಗಿ ಎದೆಯ ಮೇಲೆ ಕೂತಿದ್ದ ಕಷ್ಟ ಹೇಳುತ್ತಾ ಹೇಳುತ್ತಾ ಬಿಡಿಬಿಡಿಯಾಗುತ್ತದೆ: ಬಾಡಿಗೆ ಒಂದು, ಶಾಲೆ ಒಂದು, ಗುಟ್ಟು ಒಂದು. ಎಲ್ಲದಕ್ಕೂ ಹೆಸರು ಬರುತ್ತದೆ. ಕೊನೆಗೆ ಅವುಗಳಲ್ಲಿ ಒಂದನ್ನು ಆರಿಸಬೇಕು. ಆರಿಸುವವಳು ಅಜ್ಜಿಯಲ್ಲ, ಕಷ್ಟದಲ್ಲಿರುವವಳು. ಬಾಯಿ ತುದಿಗೆ ಬಂದ ಬುದ್ಧಿಮಾತನ್ನು ನುಂಗಿಕೊಳ್ಳುವುದು ಯಾವ ಊರಿನ ಹಿರಿಯರಿಗೂ ಸುಲಭವಲ್ಲ. ಅಜ್ಜಿಯರ ತರಬೇತಿಯಲ್ಲಿ ಅದೇ ದೊಡ್ಡ ಪಾಠ.

ಎರಡನೆಯ ಹಂತ ‘ಕುಸಿಮುಡ್ಜಿರ’, ಮೇಲೆತ್ತುವುದು. ಆರಿಸಿಕೊಂಡ ಆ ಒಂದು ತೊಂದರೆಗೆ ಏನೇನು ಮಾಡಬಹುದು ಎಂದು ಇಬ್ಬರೂ ಕೂಡಿ ಹುಡುಕಿ, ಮುಂದಿನ ಭೇಟಿಯೊಳಗೆ ಮಾಡಿ ಮುಗಿಸಬಹುದಾದಷ್ಟು ಚಿಕ್ಕ ಹೆಜ್ಜೆಯೊಂದನ್ನು ಗೊತ್ತುಮಾಡುತ್ತಾರೆ. ‘ಮಗನನ್ನು ಓದಿಸಬೇಕು’ ಎಂಬುದು ಹೆಜ್ಜೆಯಲ್ಲ. ‘ಮಂಗಳವಾರ ಬೆಳಿಗ್ಗೆ ಶಾಲೆಗೆ ಹೋಗಿ, ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳುತ್ತೇನೆ’ ಎಂಬುದು ಹೆಜ್ಜೆ. ಮಾಡಿ ಬಂದು ಹೇಳಬೇಕು. ಆಗದಿದ್ದರೆ ಯಾಕಾಗಲಿಲ್ಲ ಎಂದು ನೋಡಿ ಇನ್ನೊಂದು ಹೆಜ್ಜೆ. ಹೀಗೆ ಹೋಗಿ ಬಂದು, ಹೋಗಿ ಬಂದು ಮಾಡುವುದರಲ್ಲಿ ಮೂರನೆಯದು ಬರುತ್ತದೆ. ಅದು ‘ಕುಸಿಂಬಿಸ’. ಆ ಪದದ ಅರ್ಥ ಗಟ್ಟಿ ಮಾಡುವುದು.

ನಾವು ಮೊದಲ ಮಾತಾಗಿ ಹೇಳುವುದನ್ನು ಆ ಅಜ್ಜಿಯರು ಕೊನೆಗೆ ಇಟ್ಟಿದ್ದಾರೆ. ಈ ಅಧ್ಯಾಯ ಬರೆಯಲು ನನ್ನನ್ನು ಕೂರಿಸಿದ್ದು ಇದೇ. ಮನಸ್ಸು ಗಟ್ಟಿಯಾದ ಮೇಲೆ ಕೆಲಸಕ್ಕೆ ಕೈ ಹಾಕೋಣ ಎಂದು ಕಾದು ಕೂತವರು ಕಾಯುತ್ತಲೇ ಇರುತ್ತಾರೆ. ತೆರೆದುಕೊಂಡು, ಯಾರದೋ ಆಸರೆಯಲ್ಲಿ ಒಂದಿಷ್ಟು ಮೇಲೆದ್ದು, ಕೈಲಾದಷ್ಟು ಮಾಡಿದವರಿಗೆ ಆ ಗಟ್ಟಿತನ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ.

ಇದು ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಅಳೆದು ನೋಡಿದ್ದಾರೆ. ಹರಾರೆಯ 24 ಚಿಕಿತ್ಸಾಲಯಗಳಲ್ಲಿ 573 ಜನರ ಮೇಲೆ ನಡೆಸಿದ ಪ್ರಯೋಗದ ಫಲ 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ವಾಡಿಕೆಯ ಚಿಕಿತ್ಸೆಯನ್ನೇ ತುಸು ಉತ್ತಮಪಡಿಸಿ ಕೊಟ್ಟಿದ್ದರು, ಉಳಿದರ್ಧಕ್ಕೆ ಬೆಂಚಿನ ಮೇಲೆ ಆರು ಭೇಟಿ. ಆರು ತಿಂಗಳಾದ ಮೇಲೆ ನೋಡಿದರೆ, ಮೊದಲ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಉಳಿದಿದ್ದವು. ಬೆಂಚಿನ ಗುಂಪಿನಲ್ಲಿ ಉಳಿದಿದ್ದು ಶೇ. 14ರಷ್ಟು ಜನರಲ್ಲಿ. ಅವರ ಬಡತನ ಹೋಗಿರಲಿಲ್ಲ. ಎಚ್‌ಐವಿ ಹೋಗಿರಲಿಲ್ಲ.

ಹಾಗಾದರೆ ಬದಲಾದದ್ದೇನು? ಆಲ್ಬರ್ಟ್ ಬಂಡೂರ ಎಂಬ ಮನೋವಿಜ್ಞಾನಿ 1977ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟಿದ್ದರು. ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹಲವು ದಾರಿಗಳಿಂದ ಬರಬಹುದು. ಬೇರೆಯವರು ಮಾಡಿದ್ದನ್ನು ನೋಡಿ ಬರಬಹುದು, ಯಾರೋ ಹುರಿದುಂಬಿಸಿದ್ದರಿಂದ ಬರಬಹುದು. ಎಲ್ಲಕ್ಕಿಂತ ಬಲವಾಗಿ ಬರುವುದು ತಾನೇ ಒಂದನ್ನು ಮಾಡಿ ಮುಗಿಸಿದ ಅನುಭವದಿಂದ. ಶಾಲೆಗೆ ಹೋಗಿ ಬಾಯಿ ಬಿಟ್ಟು ಕೇಳಿ ಬಂದವಳ ಬಳಿ ಈಗ ತನ್ನ ಬಗ್ಗೆಯೇ ಒಂದು ಸಾಕ್ಷ್ಯವಿದೆ. ‘ನಿನ್ನಲ್ಲಿ ಶಕ್ತಿಯಿದೆ’ ಎಂದು ಹತ್ತು ಜನ ಹೇಳಿದರೂ ಅದಕ್ಕೆ ಸಮನಾಗದು.

ಆಸರೆಯ ಮಾತಿಗೆ ಬಂದರೆ ಒಂದು ದ್ವೀಪಕ್ಕೆ ಹೋಗಬೇಕು. ಹವಾಯಿಯ ಕಾವಾಯಿ ದ್ವೀಪ, ಆಗ ಕಬ್ಬು ಮತ್ತು ಅನಾನಸ್ ತೋಟಗಳ ನಾಡಾಗಿತ್ತು. ಅಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್, ರುತ್ ಸ್ಮಿತ್ ಮತ್ತು ಅವರ ಸಂಗಡಿಗರು ನಲವತ್ತು ವರ್ಷ ತುಂಬುವವರೆಗೂ ಹಿಂಬಾಲಿಸಿ ನೋಡಿದರು. ಕಡು ಬಡತನ, ಹೆರಿಗೆಯ ತೊಡಕು, ಕುಡಿತ, ಮನೆಯ ಜಗಳ, ಹೆತ್ತವರ ಮಾನಸಿಕ ಕಾಯಿಲೆ, ಹೀಗೆ ನಾಲ್ಕಾರು ಹೊರೆಗಳನ್ನು ಹೊತ್ತು ಬೆಳೆದ ಮಕ್ಕಳು ಒಟ್ಟಿನಲ್ಲಿ ಮೂರನೆಯ ಒಂದರಷ್ಟಿದ್ದರು. ಅವರಲ್ಲಿ ಹೆಚ್ಚಿನವರು ಹರೆಯಕ್ಕೆ ಬರುವಷ್ಟರಲ್ಲಿ ಎಡವಿದರು. ಆದರೆ ಮೂವರಲ್ಲಿ ಒಬ್ಬರು ಎಡವದೆ, ಚೆನ್ನಾಗಿ ದುಡಿದು ಬಾಳುವ, ಇತರರನ್ನು ಪ್ರೀತಿಸಬಲ್ಲ ಮನುಷ್ಯರಾಗಿ ಬೆಳೆದರು. ಅವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ಹೆತ್ತವರು ಹೇಗೇ ಇರಲಿ, ಅಜ್ಜಿಯೋ ಅತ್ತೆಯೋ ಮೇಷ್ಟ್ರೋ, ತಮ್ಮನ್ನು ಇದ್ದಂತೆಯೇ ಒಪ್ಪಿಕೊಂಡ ಒಬ್ಬರಾದರೂ ಇದ್ದರು. ಇನ್ನೊಂದು, ಅವರಲ್ಲಿ ಹಲವರ ಹೆಗಲ ಮೇಲೆ ತಮ್ಮ ತಂಗಿಯರನ್ನು ನೋಡಿಕೊಳ್ಳುವಂಥ ಕೆಲಸವಿತ್ತು. ತನ್ನಿಂದ ಯಾರಿಗೋ ಉಪಯೋಗವಿದೆ ಎಂಬ ಅರಿವೇ ಅವರನ್ನು ಹಿಡಿದು ನಿಲ್ಲಿಸಿತು. ಹರೆಯದಲ್ಲಿ ಎಡವಿದವರಲ್ಲೂ ಅನೇಕರು ಮೂವತ್ತು, ನಲವತ್ತರ ಹೊತ್ತಿಗೆ ಮತ್ತೆ ಓದಿಗೆ ಹೋಗಿ, ಒಳ್ಳೆಯ ಸಂಗಾತಿಯನ್ನು ಪಡೆದು, ನೆಲೆ ಕಂಡುಕೊಂಡಿದ್ದರು. ಎಳವೆಯಲ್ಲಿ ಬಗ್ಗದ್ದು ಮುಂದೆ ಬಗ್ಗೀತೇ ಎಂಬ ನಮ್ಮ ತೀರ್ಮಾನಕ್ಕೆ ಆ ದ್ವೀಪ ಒಪ್ಪುವುದಿಲ್ಲ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಮನಸ್ಸು ತೆರೆಯುವುದೆಂದರೆ ಬಲವಂತದಿಂದ ಬಾಯಿ ಬಿಡಿಸುವುದಲ್ಲ. ಅಪಘಾತ, ದುರಂತಗಳಾದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. ಅದರಿಂದ ಮುಂದಿನ ಮಾನಸಿಕ ಆಘಾತ ತಪ್ಪುವುದಿಲ್ಲವೆಂದೂ ಕೆಲವರಿಗೆ ಕೆಡುಕೇ ಆಗಬಹುದೆಂದೂ ಆಮೇಲಿನ ಅಧ್ಯಯನಗಳು ತೋರಿಸಿದವು. ನೊಂದವರ ಪಕ್ಕ ಕೂತು, ಊಟ ನಿದ್ದೆಯ ಕಡೆ ಗಮನ ಕೊಟ್ಟು, ಅವರಾಗಿ ಮಾತೆತ್ತಿದಾಗ ಕಿವಿಯಾಗುವುದು ಸಾಕು.

ಎರಡನೆಯದು, ಮನೆ ಕೆಡವಿಸಿಕೊಂಡವಳಿಗೆ ಗಟ್ಟಿಯಾಗು ಎಂದಷ್ಟೇ ಹೇಳಿ ಕೆಡವಿದವರನ್ನು ಮರೆತರೆ ಅದು ಅನ್ಯಾಯ. ಒಳಗಿನ ಬಲ ನ್ಯಾಯಕ್ಕೆ ಬದಲಿಯಾಗಲಾರದು. ಹಾಗೆಯೇ ಅದು ಚಿಕಿತ್ಸೆಗೂ ಬದಲಿಯಲ್ಲ. ವಾರಗಟ್ಟಲೆ ನಿದ್ದೆ, ಹಸಿವು ಇಲ್ಲದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ವೈದ್ಯರ ಬಳಿ ಹೋಗುವುದೇ ಆ ದಿನದ ಚಿಕ್ಕ ಹೆಜ್ಜೆ. ಬಸ್ಸಿನ ಹಣವೂ ಇಲ್ಲದವರಿಗೆ ಈಗ ನಮ್ಮಲ್ಲಿ ಫೋನಿನ ದಾರಿಯಿದೆ: 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ದೇಶದ ಈ ಇಡೀ ವ್ಯವಸ್ಥೆಗೆ ಬೆನ್ನೆಲುಬು ಬೆಂಗಳೂರಿನ ನಿಮ್ಹಾನ್ಸ್.

ಬೆಂಚಿನ ಕಥೆಗೂ ನಮ್ಮ ಸೀಮೆಗೂ ಒಂದು ನಂಟಿದೆ. ಅಜ್ಜಿಯರು ಕೇಳುವ ಆ 14 ಪ್ರಶ್ನೆಗಳ ಪಟ್ಟಿಯನ್ನು ಶೋನಾ ಜನರ ಮಾತುಗಳಿಂದಲೇ ಹೆಕ್ಕಿ ಕಟ್ಟಿದವರು 1990ರ ದಶಕದಲ್ಲಿ ಹರಾರೆಯಲ್ಲಿ ಕೆಲಸ ಮಾಡುತ್ತಿದ್ದ ಭಾರತದ ಮನೋವೈದ್ಯ ವಿಕ್ರಮ್ ಪಟೇಲ್. ಅವರು ಮರಳಿ ಬಂದು ನಮ್ಮ ನೆರೆಯ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ ಕಟ್ಟುವುದರಲ್ಲಿ ಕೈಜೋಡಿಸಿದರು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯಲ್ಲಿದ್ದವರನ್ನು ಆರರಿಂದ ಎಂಟು ಬಾರಿ ಕಂಡು, ಬಿಟ್ಟುಹೋದ ಕೆಲಸಗಳಿಗೆ ಮೆಲ್ಲಗೆ ಮರಳುವಂತೆ ನೆರವಾದರು. ಮೂರು ತಿಂಗಳಲ್ಲಿ ಚೇತರಿಸಿಕೊಂಡವರು ಶೇ. 64, ಈ ನೆರವು ಸಿಗದವರಲ್ಲಿ ಶೇ. 39.

ಹರಾರೆಯಲ್ಲಿ ಬೆಂಚಿನ ಭೇಟಿಗಳು ಮುಗಿದವರು ಮನೆಗೆ ಹೋಗಿ ಒಂಟಿಯಾಗುವುದಿಲ್ಲ. ತಮ್ಮಂತೆಯೇ ಬೆಂಚು ದಾಟಿ ಬಂದವರ ಗುಂಪು ಅವರನ್ನು ಕರೆದುಕೊಳ್ಳುತ್ತದೆ. ‘ಕುಬತಾನ ತೋಸೆ’ ಎಂದು ಅದರ ಹೆಸರು, ಎಲ್ಲರೂ ಕೈ ಹಿಡಿದುಕೊಳ್ಳುವುದು. ಹೆಂಗಸರು ಸುತ್ತ ಕೂತು, ಬಿಸಾಡಿದ ಪ್ಲಾಸ್ಟಿಕ್ಕನ್ನು ಎಳೆಯಾಗಿ ಮಾಡಿ ಕ್ರೋಷಾ ಕಡ್ಡಿಯಿಂದ ಚೀಲ ಹೆಣೆಯುತ್ತಾರೆ. ಮಾರಿದರೆ ನಾಲ್ಕು ಕಾಸು ಕೈಸೇರುತ್ತದೆ. ಹೆಣೆಯುತ್ತಲೇ ಒಬ್ಬಳು ತನ್ನ ವಾರದ ಕಷ್ಟ ಹೇಳುತ್ತಾಳೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ಹೊಸದಾಗಿ ಬಂದವಳಿಗೆ ಹೆಣಿಗೆ ಬಾರದಿದ್ದರೆ, ಬಲ್ಲವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾಳೆ.